ನಾಲ್ಕು ಡಿಗ್ರಿಯಲ್ಲಿ ರಸಬಾಳೆ

ಏಪ್ರಿಲ್ ಸೆಕೆಯಲ್ಲಿ ಸ್ವೆಟರ್ ತೊಟ್ಟು
ಮಾನಸಗಂಗೋತ್ರಿಯ ನೆಲಮಾಳಿಗೆಗೆ ಇಳಿಯುವ ನನ್ನ ಕಂಡು
ಕಾವಲಿನ ದೊಡ್ಡಮಾದಯ್ಯ ಈಗ ನಗುವುದಿಲ್ಲ.
ಮೊದಮೊದಲು ನಗುತ್ತಿದ್ದ:
"ಏನವ್ವಾ, ಬಾಳೆಹಣ್ಗೆ ನೆಗಡಿಯಾ?"

ತಂಪು ಕೋಣೆ. ನಾಲ್ಕು ಡಿಗ್ರಿ.
ದೇವರಾಜ ಮಾರುಕಟ್ಟೆಯ ಜಬೀವುಲ್ಲಾ ಆರಿಸಿ ಕೊಟ್ಟ
ನಂಜನಗೂಡು ರಸಬಾಳೆ, ಎರಡು ಕಿಲೋ,
ತೊಟ್ಟಿನಲ್ಲಿನ್ನೂ ಹಸಿರು, ನಡುವೆ ಅರಿಶಿನ.
"ಸಂಜೆಗೆ ತಿರುಗತ್ತೆ ಮೇಡಂ, ಅಷ್ಟರಲ್ಲಿ ಅರೆದುಬಿಡಿ"
ಎಂದಿದ್ದ, ಬೆರಳಲ್ಲಿ ಒತ್ತಿ ಕೂಡ ನೋಡದೆ.
ನನ್ನ ಗ್ರಾಫು ಹೇಳುವುದೂ ಅದನ್ನೇ,
ಅವನಿಗಿಂತ ಆರು ಗಂಟೆ ತಡವಾಗಿ.

ಕಾಯಿಗೆ ಹಣ್ಣಾಗು ಎನ್ನುವುದು ಒಂದು ಗಾಳಿ.
ಆ ಗಾಳಿಯನ್ನು ನೇಯುವ ಕೈ
ಈ ತಿರುಳಿನೊಳಗೆ ಎಲ್ಲೋ ಇದೆ.
ಸಾವಿರ ಕೈಗಳ ಸಂತೆಯಿಂದ ಅದೊಂದನ್ನು
ಉಗುರು ಮುರಿಯದಂತೆ ಹೊರತರಬೇಕು.
ಅಷ್ಟೇ ನನ್ನ ಪಿಎಚ್‌ಡಿ.

ಮೊದಲ ವರ್ಷವೆಲ್ಲ ಸೊನ್ನೆ.
ಹಣ್ಣಿನಲ್ಲಿ ಇದ್ದದ್ದು ಅರೆದ ಕೂಡಲೇ ಇಲ್ಲ.
ಸೋಸಿದೆ, ಗಿರ್ರನೆ ತಿರುಗಿಸಿದೆ,
ಶೀಶೆಗೆ ರಬ್ಬರ್ ಬಿರಡೆ ಒತ್ತಿ ಕಾದೆ.
ಹಳೆಯ ಯಂತ್ರದ ಸೂಜಿ ಎಳೆದದ್ದು
ನೀರು ಕಟ್ಟಿದ ಮಂಡ್ಯದ ಗದ್ದೆಯಂಥ ಸಪಾಟು ಗೆರೆ.
ಜೊತೆಗೆ ಕರೆ. ಬಾಳೆಯ ಕರೆ, ಕೈಗೆ, ಕೋಟಿಗೆ;
ಬೆಳ್ಳಗಿದ್ದ ರಸ ಅರ್ಧ ಗಂಟೆಯಲ್ಲಿ ಕಾಫಿ ಡಿಕಾಕ್ಷನ್ನು.

ವಾರಿಜಾಕ್ಷಿ ಮೇಡಂ ಬಯ್ಯಲಿಲ್ಲ, ಅದೇ ಕಷ್ಟ.
ಕನ್ನಡಕ ಒರೆಸುತ್ತ ಕೇಳಿದರು:
"ಮನೆ ಬಿಡಿಸುವಾಗ ಅದರ ಜೊತೆಗೆ ಏನು ಕಟ್ಟಿಕೊಟ್ಟೆ?"

ಏನೂ ಕೊಟ್ಟಿರಲಿಲ್ಲ.
ಬೇಕಿದ್ದದ್ದು ಒಂದು ಚಿಟಿಕೆ ಕಬ್ಬಿಣ,
ನೆಲ್ಲಿಕಾಯಲ್ಲಿರುವಂಥ ವಿಟಮಿನ್ನು,
ನಾವು ಬಿಡುವ ಉಸಿರಿನಷ್ಟೇ ಅಗ್ಗದ ಅನಿಲ, ಸ್ವಲ್ಪ.
ಬಸುರಿಗೆ ಆಶಾ ಕಾರ್ಯಕರ್ತೆ ಬರೆದುಕೊಡುವ ಪಟ್ಟಿ!
ಹಾಕಿದೆ. ಮುಚ್ಚಿದೆ. ಇಪ್ಪತ್ತು ನಿಮಿಷ.
ಸೂಜಿ ಎದ್ದು ಒಂದು ಗುಡ್ಡ ಬರೆಯಿತು,
ಚಾಮುಂಡಿಬೆಟ್ಟಕ್ಕಿಂತ ಚಿಕ್ಕದು.
ನನಗೆ ಸಾಕಿತ್ತು.

ಆಮೇಲೆ ಶುದ್ಧಿಯ ದಿನಗಳು.
ಉಪ್ಪು ಸುರಿದರೆ ಕೆಲವು ತಳಕ್ಕೆ ಕೂರುತ್ತವೆ,
ಕೆಲವು ಹಟ ಹಿಡಿದು ನೀರಲ್ಲೇ ನಿಲ್ಲುತ್ತವೆ.
ಚೀಲ ಕಟ್ಟಿ ರಾತ್ರಿಯಿಡೀ ನೆನೆಹಾಕಿ ಉಪ್ಪು ಬಿಡಿಸಿ
ಗಾಜಿನ ಕಂಬಕ್ಕೆ ಹೊಯ್ದು, ಹನಿ ಎಣಿಸಿ,
ಎಂಬತ್ತು ನಳಿಗೆ.
ಕಡುನೀಲಿಗೆ ತಿರುಗಿದ ನಳಿಗೆಗಳಲ್ಲಿ ಅದು ಇರಲಿಲ್ಲ.
ಇದ್ದದ್ದು ಮೂವತ್ತೊಂದರಲ್ಲಿ,
ಕಂಡೂ ಕಾಣದ ನೀಲಿಯಲ್ಲಿ.

ಆ ರಾತ್ರಿಯೇ ಕರೆಂಟು ಹೋಯಿತು.
ದೊಡ್ಡಮಾದಯ್ಯ ಮೀನಿನಂಗಡಿಯವನನ್ನು ಎಬ್ಬಿಸಿ
ಗೋಣಿ ತುಂಬ ಐಸು ಹೊತ್ತು ತಂದ.
ಬಂಗಡೆ ವಾಸನೆಯ ಮಂಜಿನಲ್ಲಿ ಹೂತಿಟ್ಟೆವು ನಳಿಗೆಗಳನ್ನು.
ಟಾರ್ಚು ಹಿಡಿದು ಕೂತವನು ಕೇಳಿದ, ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದ.
"ನಮ್ಮವ್ವ ಗುಡಾಣದಲ್ಲಿ ಕಾಯಿ ಅಡೆ ಹಾಕಿ,
ಬಾಯ್ಗೆ ಮಣ್ಣು ಮೆತ್ತಿ, ಒಂದ್ ತೂತಲ್ಲಿ ಹೊಗೆ ಊದೋಳು.
ಹೊಗೇಲಿರೋದೂ ಅದೇ ಗಾಳಿಯಾ?"
ಅದೇ, ಎಂದೆ.
"ಹಂಗಾರೆ ನೀನು ಊದೋ ಬಾಯ್ನ ಹುಡುಕ್ತಿದೀಯ."

ಕೋಷ್ಟಕದ ಕೊನೆಯ ಸಾಲು:
ಶುದ್ಧತೆ ನೂರ ಎಪ್ಪತ್ತು ಪಟ್ಟು. ಕೈಗೆ ಉಳಿದದ್ದು ನೂರಕ್ಕೆ ಎರಡು.
ಜೆಲ್ಲಿನ ಮೇಲೆ ಒಂದೇ ಗೆರೆ, ಒರೆಸದೆ ಬಿಟ್ಟ ಕಾಡಿಗೆಯಂತೆ.
ಎಷ್ಟು ತುತ್ತಿಗೆ ಅರ್ಧ ವೇಗ, ಯಾವ ಹುಳಿಗೆ ಹುರುಪು,
ಎಷ್ಟು ಬಿಸಿಗೆ ಸೋಲು, ಎಲ್ಲ ಬರೆದೆ.
ಒಂದನ್ನು ಬರೆಯುವಾಗ ಪೆನ್ನು ನಿಂತಿತು:
ಕೆಡಿಸುವುದು ಬಿಸಿಯೊಂದೇ ಅಲ್ಲ;
ಗಾಳಿ ನೇಯುತ್ತ ನೇಯುತ್ತಲೇ
ಅದು ತನ್ನ ಕೈಯನ್ನು ತಾನೇ ಸುಟ್ಟುಕೊಳ್ಳುತ್ತದೆ.
ಅಂಚಿನಲ್ಲಿ ಮೇಡಂ ಕೆಂಪು ಶಾಯಿ: "ಏಕೆ?"
ಗೊತ್ತಿಲ್ಲ ಎಂದು ಬರೆಯಲು ಮೂರು ದಿನ ಬೇಕಾಯಿತು.

ಅರೆಯದೆ ಉಳಿದ ನಾಲ್ಕು ಹಣ್ಣನ್ನು
ಶನಿವಾರ ಅವನ ಡ್ರಾಯರಿನಲ್ಲಿಟ್ಟು ಹೋದೆ.
ಸೋಮವಾರ ಬಾಗಿಲಲ್ಲೇ ಹಿಡಿದ:
"ಉಪ್ಪಿನ್ಕಾಯ್ಗೆ ಅಂತ ತಂದಿಟ್ಟಿದ್ದ ಮಾವಿನ್ಕಾಯಿ
ನಿನ್ ಬಾಳೆ ಪಕ್ಕ ಕೂತು ಮೆತ್ತಗಾಗೋದ್ವು ಕಣವ್ವಾ.
ಯಾರ್ ಕೊಡ್ತಾರೆ ಕಾಸು?"